ದೇವಮಂದಿರದ ಬಾಗಿಲು ತಟ್ಟಿದ ವಿದ್ಯಾರ್ಥಿ: ಜೊನಾಥನ್ ಡೇನಿಯಲ್ಸನ ಚರಿತ್ರೆ

ದೇವನೊಬ್ಬನೆಂದು ಲೋಕದ ಹಲವು ಮತಗಳು ಸಾರುತ್ತವೆ. ಆ ದೇವನ ಮುಂದೆ ಮನುಷ್ಯರೆಲ್ಲರೂ ಸಮಾನರೆಂಬ ಮಾತನ್ನೂ ಎಲ್ಲ ದೇಶಗಳ ಹಿರಿಯರು ಒಂದಲ್ಲ ಒಂದು ಬಗೆಯಲ್ಲಿ ಆಡಿಯೇ ಇದ್ದಾರೆ. ಆದರೆ ಆಡಿದ ಆ ಮಾತು ದೇವಮಂದಿರದ ಹೊಸ್ತಿಲವರೆಗೆ ಬಂದು ಅಲ್ಲಿಯೇ ನಿಂತುಬಿಡುವುದು ಮಾನವಕುಲದ ಹಳೆಯ ರೋಗ. ಒಳಗೆ ಸಮತೆಯ ಬೋಧೆ ನಡೆಯುತ್ತಿರುವಾಗಲೇ ಹೊರಗೆ ನಿಂತವನ ಹುಟ್ಟನ್ನೋ ಮೈಬಣ್ಣವನ್ನೋ ನೋಡಿ ಅವನನ್ನು ಹಿಂದಕ್ಕೆ ಕಳುಹಿಸುವ ಪದ್ಧತಿ ಯಾವುದೋ ಒಂದು ನಾಡಿಗೆ ಮಾತ್ರ ಸೇರಿದುದಲ್ಲ. ಸಂಪತ್ತಿನಲ್ಲಿಯೂ ವಿದ್ಯೆಯಲ್ಲಿಯೂ ಮುಂದುವರಿದ ಅಮೇರಿಕೆಯಲ್ಲಿಯೂ ಅದು ಬೇರೂರಿತ್ತು. ಅಲ್ಲಿ ಅದನ್ನು ಕಿತ್ತೊಗೆಯಲು ಹೊರಟವರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬನಾಗಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಪ್ರಾಣವನ್ನೇ ಅರ್ಪಿಸಿದ ಜೊನಾಥನ್ ಡೇನಿಯಲ್ಸನ ಬಾಳು ನುಡಿಯನ್ನು ನಡೆಗೆ ತರಬೇಕೆನ್ನುವ ಪ್ರತಿಯೊಬ್ಬ ಭಕ್ತನೂ ಅರಿಯತಕ್ಕುದಾಗಿದೆ.

ಬಣ್ಣದ ಗೋಡೆ

ಆಫ್ರಿಕಾ ಖಂಡದಿಂದ ಕರಿಯ ಜನರನ್ನು ಹಿಡಿದು ತಂದು ಅಮೇರಿಕೆಯ ಸಂತೆಗಳಲ್ಲಿ ಮಾರಿದ ಕಥೆ ಎಲ್ಲರಿಗೂ ತಿಳಿದುದೇ. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೂ ದಕ್ಷಿಣದ ಸಂಸ್ಥಾನಗಳಲ್ಲಿ ಬಿಳಿಯರಿಗೂ ಕರಿಯರಿಗೂ ನಡುವೆ ಕಾಯಿದೆಯ ಮೂಲಕವೇ ಒಂದು ಗೋಡೆಯನ್ನು ಕಟ್ಟಿದರು. ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ, ಸ್ಮಶಾನವೂ ಬೇರೆ. ದೇವಮಂದಿರದ ಮಾತಂತೂ ಇನ್ನೂ ಹಳೆಯದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಫಿಲಡೆಲ್ಫಿಯಾ ನಗರದ ಒಂದು ಮಂದಿರದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಕರಿಯ ಭಕ್ತರನ್ನು ಪ್ರಾರ್ಥನೆ ಮುಗಿಯುವುದಕ್ಕೂ ಬಿಡದೆ ಮೇಲಕ್ಕೆಬ್ಬಿಸಿದ್ದರಿಂದ ರಿಚರ್ಡ್ ಆಲನ್ ಮುಂತಾದವರು ಅಲ್ಲಿಂದ ಹೊರನಡೆದರು. ಅವರು ಕಟ್ಟಿಕೊಂಡ ಕೂಟವೇ 1816ರಲ್ಲಿ ಕರಿಯರ ಪ್ರತ್ಯೇಕ ಮೆಥಡಿಸ್ಟ್ ಸಂಪ್ರದಾಯವಾಗಿ ನೆಲೆಗೊಂಡಿತು. ಹೀಗೆ ಒಬ್ಬನೇ ಕ್ರಿಸ್ತನನ್ನು ಪೂಜಿಸುವವರು ಭಾನುವಾರದ ಬೆಳಗ್ಗೆ ಬಣ್ಣಕ್ಕೊಂದು ಮಂದಿರಕ್ಕೆ ಹೋಗುವುದು ರೂಢಿಯಾಯಿತು. ವಾರದ ಹೊತ್ತುಗಳಲ್ಲೆಲ್ಲ ಅತ್ಯಂತ ಭೇದದ ಹೊತ್ತು ಅದೇ ಎಂದು ಮಾರ್ಟಿನ್ ಲೂಥರ್ ಕಿಂಗರು ಮತ್ತೆ ಮತ್ತೆ ಹೇಳಿ ಮರುಗುತ್ತಿದ್ದರು.

1960ರ ಫೆಬ್ರುವರಿಯಲ್ಲಿ ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ತಿಂಡಿ ಕೊಡುತ್ತಿದ್ದ ಅಂಗಡಿಯೊಂದರಲ್ಲಿ ಹೋಗಿ ಕುಳಿತರು. ಹೊಡೆದರೆ ಮರಳಿ ಹೊಡೆಯದೆ, ಬೈದರೆ ಮರಳಿ ಬೈಯದೆ ಕುಳಿತುಕೊಳ್ಳುವ ಈ ಸತ್ಯಾಗ್ರಹ ಕೆಲವೇ ವಾರಗಳಲ್ಲಿ ಹಲವು ನಗರಗಳಿಗೆ ಹಬ್ಬಿತು. ಇದರ ಹಿಂದೆ ಭಾರತದ ಪ್ರಭಾವವೂ ಇತ್ತು. ನ್ಯಾಷ್‌ವಿಲ್ ನಗರದ ವಿದ್ಯಾರ್ಥಿಗಳಿಗೆ ಅಹಿಂಸೆಯ ಶಿಕ್ಷಣವನ್ನು ಕೊಟ್ಟ ಜೇಮ್ಸ್ ಲಾಸನ್ನರು ಅದಕ್ಕೆ ಮೊದಲು ಕೆಲವು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯವರ ಮಾರ್ಗವನ್ನು ಅಭ್ಯಾಸ ಮಾಡಿದವರು.

ಅಂಗಡಿಯಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಇನ್ನೊಂದು ಪ್ರಶ್ನೆ ಹುಟ್ಟಿತು. ಲಾಭಕ್ಕಾಗಿ ತೆರೆದ ಅಂಗಡಿಯೇ ಎಲ್ಲರಿಗೂ ತೆರೆಯಬೇಕೆಂದಾದರೆ, ದೇವರಿಗಾಗಿ ತೆರೆದ ಮನೆಯ ಗತಿಯೇನು? 1960ರ ಆಗಸ್ಟ್ 7ರ ಭಾನುವಾರ ಅಟ್ಲಾಂಟಾ ನಗರದ ಕರಿಯ ವಿದ್ಯಾರ್ಥಿಗಳು ಬಿಳಿಯರ ಹಲವು ಮಂದಿರಗಳಿಗೆ ಪ್ರಾರ್ಥನೆಗೆಂದು ಹೋದರು. ಕೆಲವು ಕಡೆ ಒಳಗೆ ಬಿಟ್ಟರು, ಕೆಲವು ಕಡೆ ತಡೆದರು. ಈ ಮಂಡಿಯೂರುವ ಸತ್ಯಾಗ್ರಹವೂ ಬೇರೆ ಊರುಗಳಿಗೆ ಹರಡಿತು. 1963ರ ಅಕ್ಟೋಬರಿನಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್ನಿನಲ್ಲಿ ಒಂದು ಮಂದಿರದ ಬಾಗಿಲಿಗೆ ಹೋದ ವಿದ್ಯಾರ್ಥಿನಿಯರನ್ನು ಪೊಲೀಸರು ಸೆರೆಹಿಡಿದರು. ಲೋಕದ ಕ್ರೈಸ್ತರೆಲ್ಲರೂ ಒಂದೇ ದಿನ ಪರಮಪ್ರಸಾದವನ್ನು ಸ್ವೀಕರಿಸಿ ತಮ್ಮ ಐಕ್ಯವನ್ನು ಸಾರಬೇಕೆಂದು ಗೊತ್ತುಪಡಿಸಿದ ಭಾನುವಾರವೇ ಅದಾಗಿತ್ತು. 1964ರಲ್ಲಿ ಮೆಂಫಿಸ್ ನಗರದ ಪ್ರೆಸ್ಬಿಟೇರಿಯನ್ ಮಂದಿರವೊಂದರ ಮುಂದೆ ಕರಿಯ ಮತ್ತು ಬಿಳಿಯ ವಿದ್ಯಾರ್ಥಿಗಳು ವಾರವಾರವೂ ಬಂದು ಬಾಗಿಲಲ್ಲಿ ನಿಂತರು. ಮರುವರ್ಷ ಅಲ್ಲಿ ಸೇರಬೇಕಾಗಿದ್ದ ಆ ಸಂಪ್ರದಾಯದ ಮಹಾಸಭೆಯನ್ನು ಹಿರಿಯರು ಬೇರೆ ಸ್ಥಳಕ್ಕೆ ವರ್ಗಾಯಿಸಬೇಕಾಯಿತು. ಇಂಥ ಕಾಲದಲ್ಲಿ, ಇಂಥ ವಿದ್ಯಾರ್ಥಿಗಳ ಸಾಲಿನಲ್ಲಿ ಜೊನಾಥನ್ ಡೇನಿಯಲ್ಸನು ಬಂದು ನಿಂತನು.

ಜನನ ಮತ್ತು ವಿದ್ಯಾಭ್ಯಾಸ

ಜೊನಾಥನನು 1939ರ ಮಾರ್ಚ್ 20ರಂದು ಅಮೇರಿಕೆಯ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಕೀನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಫಿಲಿಪ್ ಡೇನಿಯಲ್ಸರು ವೈದ್ಯರು. ತಾಯಿ ಕಾನ್‌ಸ್ಟನ್ಸ್. ಎಮಿಲಿ ಎಂಬವಳು ತಂಗಿ. ಮನೆತನದವರು ನಡೆದುಕೊಳ್ಳುತ್ತಿದ್ದುದು ಕಾಂಗ್ರಿಗೇಷನಲ್ ಸಂಪ್ರದಾಯಕ್ಕೆ. ಬಾಲಕನ ಮನಸ್ಸು ಎಪಿಸ್ಕೋಪಲ್ ಸಂಪ್ರದಾಯದ ಪೂಜಾವಿಧಿಗೆ ಒಲಿದು, ಆತನು ಎಳೆಯ ಪ್ರಾಯದಲ್ಲಿಯೇ ಅದನ್ನು ಸೇರಿದನು. ಮುಂದೆ ಪಾದ್ರಿಯಾಗಬೇಕೆಂಬ ವಿಚಾರವೂ ಶಾಲೆಯ ದಿನಗಳಲ್ಲಿಯೇ ಆತನಲ್ಲಿ ಮೊಳೆತಿತ್ತು.

ಹೀಗಿದ್ದರೂ ಆತನು ಉನ್ನತ ವ್ಯಾಸಂಗಕ್ಕೆ ಆರಿಸಿಕೊಂಡದ್ದು ವರ್ಜೀನಿಯಾ ಸಂಸ್ಥಾನದ ಸೈನಿಕ ವಿದ್ಯಾಲಯವನ್ನು. ಕಠಿಣ ಶಿಸ್ತಿಗೆ ಹೆಸರಾದ ಆ ವಿದ್ಯಾಲಯದಲ್ಲಿ ಓದುತ್ತಿರುವಾಗ ತಂದೆ ತೀರಿಕೊಂಡರು, ತಂಗಿ ದೀರ್ಘಕಾಲ ಕಾಯಿಲೆ ಬಿದ್ದಳು. ದೇವನಿದ್ದಾನೆಯೇ, ಇದ್ದರೆ ಇದೇಕೆ ಹೀಗೆ, ಎಂಬ ಸಂಶಯವು ತರುಣನನ್ನು ಕಾಡಿತು. ಬಾಲ್ಯದ ಭಕ್ತಿ ಬತ್ತಿಹೋದಂತಾಯಿತು. ಆದರೂ ಓದಿನಲ್ಲಿ ಹಿಂದೆ ಬೀಳದೆ 1961ರಲ್ಲಿ ಪದವಿ ಪಡೆದನು. ತರಗತಿಯ ಪರವಾಗಿ ಬೀಳ್ಕೊಡುಗೆಯ ಭಾಷಣ ಮಾಡುವ ಗೌರವವೂ ಆತನಿಗೆ ಸಂದಿತು.

ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆಂಗ್ಲ ಸಾಹಿತ್ಯದ ಹೆಚ್ಚಿನ ಅಧ್ಯಯನಕ್ಕೆ ಸೇರಿದನು. ವಿದ್ಯೆಯಿತ್ತು, ಮುಂದೆ ಅಧ್ಯಾಪಕನಾಗುವ ದಾರಿಯೂ ಇತ್ತು. ಆದರೆ ಮನಸ್ಸಿಗೆ ನೆಲೆ ಸಿಕ್ಕಿರಲಿಲ್ಲ. 1962ರ ಈಸ್ಟರ್ ಹಬ್ಬದ ದಿನ ಬಾಸ್ಟನ್ ನಗರದ ಅಡ್ವೆಂಟ್ ಮಂದಿರದಲ್ಲಿ ಪೂಜೆಯಲ್ಲಿ ಭಾಗಿಯಾಗಿದ್ದಾಗ ಕಳೆದುಹೋಗಿದ್ದ ನಂಬಿಕೆ ಮರಳಿ ಬಂದಿತು. ದೇವನ ಸೇವೆಯೇ ತನ್ನ ಕಾಯಕವೆಂದು ಆತನು ನಿಶ್ಚಯಿಸಿದನು. ಮನೆಯ ಹಣಕಾಸಿನ ತೊಡಕುಗಳನ್ನು ಬಿಡಿಸಿಕೊಂಡು 1963ರಲ್ಲಿ ಕೇಂಬ್ರಿಜ್ ಊರಿನ ಎಪಿಸ್ಕೋಪಲ್ ಧರ್ಮಶಾಸ್ತ್ರ ವಿದ್ಯಾಲಯವನ್ನು ಸೇರಿದನು. 1966ರಲ್ಲಿ ಅಲ್ಲಿಯ ವ್ಯಾಸಂಗ ಮುಗಿಯಬೇಕಾಗಿತ್ತು.

ಸೆಲ್ಮಾದ ಕರೆ

ದಕ್ಷಿಣದ ಅಲಬಾಮಾ ಸಂಸ್ಥಾನದಲ್ಲಿ ಸೆಲ್ಮಾ ಎಂಬುದೊಂದು ಊರು. ಅದು ಸೇರಿದ ಡಲ್ಲಾಸ್ ಪ್ರಾಂತದಲ್ಲಿ ಮತದಾನಕ್ಕೆ ಅರ್ಹರಾದ ಕರಿಯರು ಸುಮಾರು 15 ಸಾವಿರ ಮಂದಿ ಇದ್ದರೂ ಪಟ್ಟಿಯಲ್ಲಿ ಹೆಸರಿದ್ದವರು ಕೆಲವೇ ನೂರು. ಹೆಸರು ಬರೆಯಿಸಲು ಹೋದವರಿಗೆ ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಿ ಹಿಂದಕ್ಕೆ ಕಳುಹಿಸುತ್ತಿದ್ದರು. ಇದನ್ನು ಪ್ರತಿಭಟಿಸಿ ಸಂಸ್ಥಾನದ ರಾಜಧಾನಿಯಾದ ಮಾಂಟ್‌ಗಮರಿಗೆ ಕಾಲ್ನಡಿಗೆಯಲ್ಲಿ ಹೊರಟ ಸುಮಾರು 600 ಜನರನ್ನು 1965ರ ಮಾರ್ಚ್ 7ರ ಭಾನುವಾರ ಎಡ್ಮಂಡ್ ಪೆಟಸ್ ಸೇತುವೆಯ ಬಳಿ ಪೊಲೀಸರು ಲಾಠಿಗಳಿಂದ ಬಡಿದು, ಅಶ್ರುವಾಯುವನ್ನು ಬಿಟ್ಟು ಚದರಿಸಿದರು. ಆ ದೃಶ್ಯವನ್ನು ದೇಶಕ್ಕೆ ದೇಶವೇ ದೂರದರ್ಶನದಲ್ಲಿ ಕಂಡಿತು. ಎಲ್ಲ ಮತಗಳ ಗುರುಗಳೂ ಧರ್ಮಶಾಸ್ತ್ರದ ವಿದ್ಯಾರ್ಥಿಗಳೂ ಸೆಲ್ಮಾಕ್ಕೆ ಬರಬೇಕೆಂದು ಕಿಂಗರು ಕರೆಯಿತ್ತರು.

ಜೊನಾಥನನು ಮೊದಲು ಹಿಂದೆಗೆದನು. ತನ್ನ ಓದು, ಪರೀಕ್ಷೆ, ಹಣದ ಅಭಾವ ಇವೆಲ್ಲ ಅಡ್ಡ ಬಂದವು. ಆದರೆ ವಿದ್ಯಾಲಯದ ಸಂಜೆಯ ಪ್ರಾರ್ಥನೆಯಲ್ಲಿ ಯೇಸುವಿನ ತಾಯಿ ಮರಿಯಳ ಸ್ತೋತ್ರವನ್ನು ಎಂದಿನಂತೆ ಹಾಡುತ್ತಿದ್ದಾಗ, ದೀನರನ್ನು ಮೇಲೆತ್ತುವ ದೇವನನ್ನು ಕುರಿತ ಆ ಮಾತುಗಳು ಆ ದಿನ ತನ್ನನ್ನೇ ಕುರಿತು ಆಡಿದಂತೆ ಆತನಿಗೆ ಕೇಳಿಸಿದವು. ನಿತ್ಯವೂ ಬಾಯಲ್ಲಿ ಹಾಡುತ್ತಿದ್ದುದನ್ನು ಆ ದಿನ ಕಿವಿಯಿಂದ ಕೇಳಿದನು. ಹೊರಡಲೇಬೇಕೆಂದು ನಿಶ್ಚಯವಾಯಿತು.

ಸಹಪಾಠಿಗಳೊಡನೆ ಹೊರಟಾಗ ವಾರದ ಕೊನೆಯವರೆಗೆ ಮಾತ್ರ ಇದ್ದು ಬರುವ ಎಣಿಕೆಯಿತ್ತು. ಮರಳುವ ಬಸ್ಸು ಆತನಿಗೂ ಸಹಪಾಠಿ ಜುಡಿತ್ ಅಪಮ್ ಎಂಬಾಕೆಗೂ ತಪ್ಪಿಹೋಯಿತು. ಉಳಿದ ಆ ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಒಂದು ವಿಚಾರ ಹೊಳೆಯಿತು. ಎರಡು ದಿನ ಬಂದು ಮೆರವಣಿಗೆಯಲ್ಲಿ ನಡೆದು ಹೋಗುವವರಿಗೆ ಪುಣ್ಯ ಬರಬಹುದು, ಆದರೆ ಇಲ್ಲಿಯೇ ಬಾಳುವವರ ಕಷ್ಟವು ಅದರಿಂದ ಹರಿಯದು. ಇಬ್ಬರೂ ವಿದ್ಯಾಲಯಕ್ಕೆ ಹೋಗಿ, ಆ ಅವಧಿಯ ಉಳಿದ ದಿನಗಳನ್ನು ಸೆಲ್ಮಾದಲ್ಲಿಯೇ ಕಳೆದು, ಅಲ್ಲಿಯೇ ಓದಿಕೊಂಡು ಪರೀಕ್ಷೆಗೆ ಬರುವುದಾಗಿ ಅಪ್ಪಣೆ ಪಡೆದು ಮರಳಿದರು. ಜೊನಾಥನನು ವೆಸ್ಟ್ ಎಂಬ ಕರಿಯ ಕುಟುಂಬದ ಮನೆಯಲ್ಲಿ ಮನೆಯ ಮಗನಂತೆ ಉಳಿದನು. ಬಿಳಿಯನೊಬ್ಬನು ಕರಿಯರ ಮನೆಯಲ್ಲಿ ಉಂಡು ಮಲಗುವುದು ಆ ಊರಿನಲ್ಲಿ ಕಂಡರಿಯದ ಸಂಗತಿ. ಆತಿಥ್ಯ ನೀಡಿದ ಆ ಬಡ ಕುಟುಂಬದವರ ಧೈರ್ಯವೂ ಸಾಮಾನ್ಯವಾದುದಲ್ಲ. ಬಂದವನು ಎಂದಾದರೂ ತನ್ನೂರಿಗೆ ಮರಳಬಲ್ಲನು. ಅವರಾದರೋ ಅಲ್ಲಿಯೇ ಬಾಳಬೇಕಾದವರು.

ಮಂದಿರದೊಳಗಣ ಪಂಕ್ತಿಭೇದ

ಸೆಲ್ಮಾದಲ್ಲಿ ಚಳವಳಿಯ ಕೇಂದ್ರವಾಗಿದ್ದುದು ಬ್ರೌನ್ ಚಾಪೆಲ್ ಎಂಬ ಮಂದಿರ. ರಿಚರ್ಡ್ ಆಲನ್ನರು ಸ್ಥಾಪಿಸಿದ ಸಂಪ್ರದಾಯಕ್ಕೇ ಅದು ಸೇರಿತ್ತು. ಜೊನಾಥನನ ಸ್ವಂತ ಸಂಪ್ರದಾಯದ ಮಂದಿರವಾದರೋ ಸಂತ ಪೌಲರ ಹೆಸರಿನದು. ಅದಕ್ಕೆ ಬರುತ್ತಿದ್ದವರು ಊರಿನ ಸ್ಥಿತಿವಂತ ಬಿಳಿಯರು. ಜನಾಂಗದ ಕಾರಣದಿಂದ ಯಾರನ್ನೂ ಪೂಜೆಯಿಂದ ಹೊರಗಿಡಕೂಡದೆಂದು ಎಪಿಸ್ಕೋಪಲ್ ಸಂಪ್ರದಾಯದ ಮಹಾಸಭೆಯು 1964ರಲ್ಲಿಯೇ ನಿಯಮ ಮಾಡಿತ್ತು. ನಿಯಮವು ಪುಸ್ತಕದಲ್ಲಿತ್ತು. ಬಾಗಿಲಲ್ಲಿ ಕಾವಲಿಗೆ ನಿಂತವರು ಬೇರೆಯೇ ಇದ್ದರು.

ಮಾರ್ಚ್ ತಿಂಗಳಲ್ಲಿ ಕರಿಯರೂ ಬಿಳಿಯರೂ ಕೂಡಿ ಪೂಜೆಗೆ ಹೋದಾಗ ಮೊದಲು ಅವರನ್ನು ಹೊರಗೇ ತಡೆಯಲಾಯಿತು. ಜೊನಾಥನನು ಕೋಪಗೊಂಡು ದೂರ ಸರಿಯಲಿಲ್ಲ. ಪಾದ್ರಿಯವರನ್ನು ಕಂಡು ಮಾತನಾಡಿದನು, ನಿಯಮವನ್ನು ನೆನಪಿಸಿದನು, ಮತ್ತೆ ಹೋದನು. ಮಂದಿರದ ಆಡಳಿತ ಮಂಡಳಿಯಲ್ಲಿ ವಾದವಿವಾದಗಳಾಗಿ, ತಿಂಗಳು ಮುಗಿಯುವಷ್ಟರಲ್ಲಿ ಬಾಗಿಲು ತೆರೆಯಿತು. ಆತನು ಊರಿನ ಕರಿಯ ತರುಣ ತರುಣಿಯರ ಗುಂಪನ್ನು ಕರೆದುಕೊಂಡು ಭಾನುವಾರಗಳಲ್ಲಿ ಒಳಗೆ ಹೋಗತೊಡಗಿದನು.

ಆದರೆ ಬಾಗಿಲು ತೆರೆಯುವುದೇ ಬೇರೆ, ಬರಮಾಡಿಕೊಳ್ಳುವುದೇ ಬೇರೆ. ಒಳಗೆ ಬಂದವರನ್ನು ಹಿಂದಿನ ಸಾಲಿನ ಪೀಠಗಳಲ್ಲಿ ಕೂರಿಸಿದರು. ಪೂಜೆಯ ಕೊನೆಗೆ ಬಲಿಪೀಠದ ಬಳಿ ಎಲ್ಲರೂ ಮಂಡಿಯೂರಿ ರೊಟ್ಟಿ ಮತ್ತು ದ್ರಾಕ್ಷಾರಸದ ರೂಪದಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವುದು ಕ್ರೈಸ್ತರ ಮುಖ್ಯ ಸಂಸ್ಕಾರ. ಒಂದೇ ರೊಟ್ಟಿಯನ್ನು ಮುರಿದು ತಿಂದು ಒಂದೇ ಪಾತ್ರೆಯಿಂದ ಕುಡಿಯುವುದರಿಂದ ಅವರೆಲ್ಲರೂ ಒಂದೇ ದೇಹದ ಅಂಗಗಳಾಗುವರೆಂಬುದು ಅದರ ತತ್ತ್ವ. ಅಲ್ಲಿಯೂ ಕರಿಯ ಭಕ್ತರ ಸರದಿ ಎಲ್ಲರಿಗಿಂತ ಕೊನೆಗೆ ಬಂದಿತು. ಪಂಕ್ತಿಭೇದವೆಂಬುದು ಊಟದ ಎಲೆಯ ಮುಂದೆ ನಡೆದರೆ ಅವಮಾನ. ಪ್ರಸಾದದ ಮುಂದೆ ನಡೆದರೆ ಆ ಪ್ರಸಾದದ ಅರ್ಥವೇ ಕೆಟ್ಟಂತೆ. ಹೊರಬರುವಾಗ ಕೆಲವರು ಮುಖ ತಿರುಗಿಸಿದರು, ಕೆಲವರು ಆಡಬಾರದ ಮಾತುಗಳನ್ನಾಡಿದರು.

ಜೊನಾಥನನೂ ಜುಡಿತಳೂ ಇದನ್ನೆಲ್ಲ ವಿವರಿಸಿ ಅಲಬಾಮಾದ ಬಿಷಪರಾದ ಕಾರ್ಪೆಂಟರರಿಗೆ ಪತ್ರ ಬರೆದರು. ಹೊರಗಿನಿಂದ ಬಂದವರು ಅವಸರಪಡಿಸಬಾರದೆಂಬುದು ಆ ಹಿರಿಯರ ನಿಲುವು. ಕಿಂಗರು 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಪತ್ರ ಬರೆದುದು ಯಾವ ಎಂಟು ಮಂದಿ ಧರ್ಮಗುರುಗಳನ್ನು ಉದ್ದೇಶಿಸಿಯೋ ಅವರಲ್ಲಿ ಕಾರ್ಪೆಂಟರರೂ ಒಬ್ಬರಾಗಿದ್ದರು. ಬಿಷಪರಿಂದ ಬಂದ ಉತ್ತರದಿಂದ ವಿದ್ಯಾರ್ಥಿಗಳಿಗೆ ಸಮಾಧಾನವಾಗಲಿಲ್ಲ. ಎಪಿಸ್ಕೋಪಲ್ ಸಂಪ್ರದಾಯದೊಳಗೆ ಜನಾಂಗಗಳ ಐಕ್ಯಕ್ಕಾಗಿ 1959ರಲ್ಲಿ ಹುಟ್ಟಿದ್ದ ಸಂಘದೊಡನೆ ಸೇರಿ, ಬರ್ಮಿಂಗ್‌ಹ್ಯಾಮಿನಲ್ಲಿದ್ದ ಬಿಷಪರ ಕಚೇರಿಯ ಮುಂದೆ ಶಾಂತವಾಗಿ ನಿಂತು ಪ್ರತಿಭಟಿಸಿದರು. ಗುರುಸ್ಥಾನಕ್ಕೆ ಗೌರವ ಸಲ್ಲಬೇಕು. ಆದರೆ ಗುರುಸ್ಥಾನದಲ್ಲಿರುವವರು ತತ್ತ್ವವನ್ನು ಮರೆತಾಗ ನೆನಪಿಸುವುದೂ ಶಿಷ್ಯಧರ್ಮವೇ.

ಅಂತರಂಗದ ಶೋಧನೆ

ಇಲ್ಲಿಯವರೆಗಿನ ವೃತ್ತಾಂತದಲ್ಲಿ ಜೊನಾಥನನು ಇತರ ಧೀರ ತರುಣರಂತೆಯೇ ಕಾಣಬಹುದು. ಆತನ ವಿಶೇಷವಿರುವುದು ಇನ್ನು ಮುಂದೆ. ಸೆಲ್ಮಾದ ದಿನಗಳನ್ನು ಕುರಿತು ಆತನು ಬರೆದಿಟ್ಟ ಬರಹಗಳಲ್ಲಿ ಎದುರಾಳಿಗಳ ದೋಷಕ್ಕಿಂತ ತನ್ನ ದೋಷದ ಶೋಧನೆಯೇ ಹೆಚ್ಚು. ಪೊಲೀಸರು ಅಡ್ಡಗಟ್ಟಿದ ಬೀದಿಯಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತಾಗ, ಕ್ಯಾಮ್ಡೆನ್ ಎಂಬ ಊರಿನಲ್ಲಿ ಅಶ್ರುವಾಯುವಿಗೆ ಸಿಕ್ಕಾಗ, ಮಂದಿರದ ಬಾಗಿಲಲ್ಲಿ ಬೈಗುಳವನ್ನು ಕೇಳಿದಾಗ, ತನ್ನೊಳಗೆ ಎದ್ದ ದ್ವೇಷವನ್ನು ಆತನು ಸ್ಪಷ್ಟವಾಗಿ ಕಂಡುಕೊಂಡನು. ತಾನು ಧರ್ಮದ ಪಕ್ಷದಲ್ಲಿದ್ದೇನೆಂಬ ಅಭಿಮಾನವೇ ದ್ವೇಷಕ್ಕೆ ಹೊದಿಕೆಯಾಗಿರುವುದನ್ನು ಅರಿತನು. ಬಾಗಿಲು ಮುಚ್ಚಿದವರನ್ನು ತನ್ನ ಹೃದಯದ ಹೊರಗಿಟ್ಟು ತಾನೂ ಒಂದು ಬಾಗಿಲನ್ನು ಮುಚ್ಚಿದರೆ, ಅವರಿಗೂ ತನಗೂ ಏನು ವ್ಯತ್ಯಾಸ?

ಈ ಪ್ರಶ್ನೆಯಿಂದ ಆತನಿಗೆ ಹೊಸದೊಂದು ಸ್ವಾತಂತ್ರ್ಯ ದೊರೆಯಿತು. ಶತ್ರುವನ್ನು ಪ್ರೀತಿಸುತ್ತಲೇ ಅವನ ಅನ್ಯಾಯವನ್ನು ಎದುರಿಸುವ ಸ್ವಾತಂತ್ರ್ಯವದು. ಬಿಳಿಯರ ಭಯವೂ ಒಂದು ಬಂಧನವೆಂದೂ, ಅದರಿಂದ ಅವರಿಗೂ ಬಿಡುಗಡೆಯಾಗಬೇಕೆಂದೂ ಆತನು ಬಗೆದನು. ಒಂದು ದಿನ ಅಂಚೆ ಕಚೇರಿಯಲ್ಲಿ ಸರದಿಯಲ್ಲಿ ನಿಂತಿದ್ದಾಗ, ಆತನ ಉಡುಪಿನಿಂದ ಗುರುತು ಹಿಡಿದವನೊಬ್ಬನು, ಇವನು ಬಿಳಿಯ ತೊಗಲಿನ ಕರಿಯನೆಂಬ ಅರ್ಥದ ಹೀನ ಮಾತಿನಿಂದ ಎಲ್ಲರೆದುರು ಹಳಿದನು. ಸುತ್ತಲಿದ್ದವರೂ ತಿರುಗಿ ನೋಡಿದರು. ಮೊದಲು ಜೊನಾಥನನಿಗೆ ಸಿಟ್ಟು ಬಂದಿತು. ಮರುಕ್ಷಣವೇ ತನ್ನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಬಿರುದು ತನಗೆ ಬಂದಿಲ್ಲವೆಂದೂ, ಅದಕ್ಕೆ ತಾನಿನ್ನೂ ಅರ್ಹನಲ್ಲವೆಂದೂ ತೋರಿತು. ನಿಂದೆಯನ್ನು ಬಿರುದಾಗಿ ಸ್ವೀಕರಿಸಿದವನಿಗೆ ನಿಂದಕನಿಂದ ಭಯವೆಲ್ಲಿಯದು?

ಲೌಂಡ್ಸ್ ಪ್ರಾಂತದಲ್ಲಿ

ಮೇ ತಿಂಗಳಲ್ಲಿ ವಿದ್ಯಾಲಯಕ್ಕೆ ಮರಳಿ ಪರೀಕ್ಷೆ ಬರೆದು ತೇರ್ಗಡೆಯಾದ ಜೊನಾಥನನು ಜುಲೈಯಲ್ಲಿ ಪುನಃ ಅಲಬಾಮಾಕ್ಕೆ ಬಂದನು. ಈ ಸಲ ಆತನ ಕೆಲಸ ಹೆಚ್ಚು ಸದ್ದಿಲ್ಲದ್ದು. ಬಡವರಿಗೆ ಸರಕಾರದ ಯಾವ ಯಾವ ಕಚೇರಿಗಳಿಂದ ಯಾವ ಸಹಾಯ ದೊರೆಯಬಹುದೆಂಬ ಪಟ್ಟಿಯನ್ನು ಸಿದ್ಧಪಡಿಸಿದನು, ಅವರ ಅರ್ಜಿಗಳನ್ನು ಬರೆದುಕೊಟ್ಟನು, ಮಕ್ಕಳಿಗೆ ಪಾಠ ಹೇಳಿದನು, ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಲು ಜನರನ್ನು ಕರೆದೊಯ್ದನು. ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ನರು ಮತದಾನದ ಹಕ್ಕಿನ ಕಾಯಿದೆಗೆ ಸಹಿ ಹಾಕಿದರು.

ಸೆಲ್ಮಾದ ನೆರೆಯಲ್ಲಿದ್ದ ಲೌಂಡ್ಸ್ ಪ್ರಾಂತವು ಸೆಲ್ಮಾಕ್ಕಿಂತಲೂ ಕ್ರೂರವೆಂದು ಹೆಸರು ಪಡೆದಿತ್ತು. ಅಲ್ಲಿಯ ಜನರಲ್ಲಿ ಬಹುಪಾಲು ಕರಿಯರೇ ಆಗಿದ್ದರೂ 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿಯ ಸ್ಟೋಕ್ಲಿ ಕಾರ್ಮೈಕಲನು ಅಲ್ಲಿ ಕೆಲಸ ನಡೆಸುತ್ತಿದ್ದನು. ಬಿಳಿಯನೊಬ್ಬನು ಅಲ್ಲಿಗೆ ಬಂದರೆ ಅವನಿಗೂ ಉಳಿದವರಿಗೂ ಅಪಾಯವೆಂಬ ಅಳುಕು ಅಲ್ಲಿಯ ಕಾರ್ಯಕರ್ತರಿಗಿತ್ತು. ಆದರೂ ಜೊನಾಥನನು ಅವರೊಡನೆ ಸೇರಿದನು.

ಆಗಸ್ಟ್ 14ರ ಶನಿವಾರ ಆ ಪ್ರಾಂತದ ಫೋರ್ಟ್ ಡಿಪಾಸಿಟ್ ಎಂಬ ಊರಿನಲ್ಲಿ, ಬಿಳಿಯರನ್ನು ಮಾತ್ರ ಆದರಿಸುತ್ತಿದ್ದ ಅಂಗಡಿಗಳ ಮುಂದೆ ಪ್ರತಿಭಟಿಸಿದ ಸುಮಾರು 30 ಮಂದಿಯನ್ನು ಪೊಲೀಸರು ಸೆರೆಹಿಡಿದರು. ಬಹುತೇಕ ಎಲ್ಲರೂ ಎಳೆಯರು. ಅವರನ್ನು ಕಸ ಸಾಗಿಸುವ ಲಾರಿಯಲ್ಲಿ ತುಂಬಿ ಪ್ರಾಂತದ ಮುಖ್ಯ ಸ್ಥಳವಾದ ಹೇನ್‌ವಿಲ್ಲಿನ ಸೆರೆಮನೆಗೆ ಸಾಗಿಸಿದರು. ತೀರ ಎಳೆಯರಾದ ಐವರನ್ನು ಮರುದಿನ ಬಿಟ್ಟರು. ಉಳಿದವರು ಬೇಸಗೆಯ ಧಗೆಯಲ್ಲಿ ಆರು ದಿನ ಸೆರೆಯಲ್ಲಿದ್ದರು. ಎಲ್ಲರಿಗೂ ಜಾಮೀನು ದೊರೆಯದ ಹೊರತು ಒಬ್ಬರೂ ಹೊರಗೆ ಹೋಗಕೂಡದೆಂದು ಅವರು ತಮ್ಮಲ್ಲಿ ನಿರ್ಣಯಿಸಿಕೊಂಡಿದ್ದರು. ಸಂತ ಪೌಲರ ಮಂದಿರದಲ್ಲಿ ಕಾಣಸಿಗದ ಏಕಪಂಕ್ತಿಯು ಆ ಸೆರೆಮನೆಯಲ್ಲಿ ದೊರಕಿತು. ಕರಿಯರೂ ಬಿಳಿಯರೂ ಕೂಡಿ ಅಲ್ಲಿ ಹಾಡಿದರು, ಪ್ರಾರ್ಥಿಸಿದರು.

ಪ್ರಾಣಾರ್ಪಣೆ

ಆಗಸ್ಟ್ 20ರ ಮಧ್ಯಾಹ್ನ ಸೆರೆಯಾಳುಗಳೆಲ್ಲರನ್ನೂ ಇದ್ದಕ್ಕಿದ್ದಂತೆ ಬಿಡುಗಡೆ ಮಾಡಿದರು. ಊರಿಗೆ ಮರಳಲು ಯಾವ ವಾಹನದ ವ್ಯವಸ್ಥೆಯೂ ಇರಲಿಲ್ಲ. ಒಬ್ಬರು ವಾಹನಕ್ಕಾಗಿ ದೂರವಾಣಿ ಮಾಡಲು ಹೋದರು. ಉಳಿದವರು ಬೀದಿಯಲ್ಲಿ ಕಾದು ನಿಂತರು. ಬಾಯಾರಿಕೆಯಿಂದ ಬಳಲಿದ್ದ ನಾಲ್ವರು ತಂಪು ಪಾನೀಯ ಕೊಳ್ಳಲು ಸಮೀಪದಲ್ಲಿದ್ದ ಒಂದು ಚಿಕ್ಕ ಅಂಗಡಿಯ ಕಡೆಗೆ ನಡೆದರು. ಜೊನಾಥನ್, ಷಿಕಾಗೋದಿಂದ ಬಂದಿದ್ದ ಕ್ಯಾಥೊಲಿಕ್ ಪಾದ್ರಿ ರಿಚರ್ಡ್ ಮೊರಿಸ್ರೋ, ಕರಿಯ ತರುಣಿಯರಾದ ರೂಬಿ ಸೇಲ್ಸ್ ಮತ್ತು ಜಾಯ್ಸ್ ಬೇಲಿ ಇವರೇ ಆ ನಾಲ್ವರು. ಕರಿಯರಿಗೂ ಸಾಮಾನು ಕೊಡುತ್ತಿದ್ದ ಕೆಲವೇ ಅಂಗಡಿಗಳಲ್ಲಿ ಅದೊಂದು.

ಅಂಗಡಿಯ ಬಾಗಿಲಲ್ಲಿ ಟಾಮ್ ಕೋಲ್ಮನ್ ಎಂಬವನು ಬಂದೂಕು ಹಿಡಿದು ನಿಂತಿದ್ದನು. ಸಂಬಳವಿಲ್ಲದ ವಿಶೇಷ ಪೊಲೀಸನಾಗಿ ಅವನು ನೇಮಕಗೊಂಡಿದ್ದನು. ಹೊರಟುಹೋಗದಿದ್ದರೆ ಕೊಲ್ಲುವುದಾಗಿ ಬೆದರಿಸಿ, ಹದಿನೇಳು ವರ್ಷದ ರೂಬಿಯ ಕಡೆಗೆ ಬಂದೂಕನ್ನು ಗುರಿಯಿಟ್ಟನು. ಯೋಚಿಸಲು ಅವಕಾಶವಿರಲಿಲ್ಲ. ಜೊನಾಥನನು ಆಕೆಯನ್ನು ಪಕ್ಕಕ್ಕೆ ನೂಕಿ ಕೆಡವಿ ತಾನೇ ಆ ಗುಂಡಿಗೆ ಎದೆಯೊಡ್ಡಿದನು. ಕ್ಷಣಮಾತ್ರದಲ್ಲಿ ಪ್ರಾಣ ಹೋಯಿತು. ಮೊರಿಸ್ರೋ ಪಾದ್ರಿಯವರು ಜಾಯ್ಸಳ ಕೈಹಿಡಿದು ಓಡುವಾಗ ಅವರ ಬೆನ್ನಿಗೂ ಗುಂಡು ತಗಲಿತು. ತೀವ್ರವಾಗಿ ಗಾಯಗೊಂಡರೂ ಅವರು ಬದುಕಿಕೊಂಡರು.

ಇಂಥ ಕ್ಷಣದಲ್ಲಿ ಮನುಷ್ಯನು ಮಾಡುವುದು ಅವನು ಅಂದು ಯೋಚಿಸಿ ನಿರ್ಧರಿಸಿದುದಲ್ಲ. ಅಲ್ಲಿಯವರೆಗೆ ದಿನದಿನವೂ ಬಾಳಿದ ಬಾಳೇ ಅವನ ಕೈಯಿಂದ ಆ ಕೆಲಸ ಮಾಡಿಸುತ್ತದೆ. ಕರಿಯರ ಮನೆಯಲ್ಲಿ ಉಂಡದ್ದು, ಹಿಂದಿನ ಪೀಠದಲ್ಲಿ ಅವರ ಪಕ್ಕದಲ್ಲಿ ಕುಳಿತದ್ದು, ಪ್ರಸಾದಕ್ಕೆ ಅವರೊಡನೆ ಕೊನೆಯ ಸರದಿಗಾಗಿ ಕಾದದ್ದು, ಸೆರೆಯಿಂದ ಒಬ್ಬನೇ ಹೊರಬರಲು ಒಪ್ಪದಿದ್ದುದು, ಈ ಚಿಕ್ಕ ಚಿಕ್ಕ ಆಚರಣೆಗಳೆಲ್ಲ ಕೂಡಿ ಆ ಒಂದು ಕ್ಷಣದಲ್ಲಿ ಫಲಿಸಿದವು.

ನ್ಯಾಯಾಲಯದಲ್ಲಿ

ಜೊನಾಥನನ ದೇಹವನ್ನು ಹುಟ್ಟೂರಾದ ಕೀನಿಗೆ ಒಯ್ದು ಮಣ್ಣು ಮಾಡಿದರು. ಸ್ಟೋಕ್ಲಿ ಕಾರ್ಮೈಕಲನೂ ದಕ್ಷಿಣದ ಇತರ ಕರಿಯ ಗೆಳೆಯರೂ ಅಂತ್ಯಕ್ರಿಯೆಗೆ ಬಂದಿದ್ದರು. ಕೋಲ್ಮನನ ಮೇಲೆ ಕೊಲೆಯ ಆರೋಪವನ್ನು ಹೊರಿಸದೆ ಅದಕ್ಕಿಂತ ಲಘುವಾದ ನರಹತ್ಯೆಯ ಆರೋಪವನ್ನು ಮಾತ್ರ ಹೊರಿಸಲಾಯಿತು. ಅಲಬಾಮಾದ ಅಟಾರ್ನಿ ಜನರಲ್ ರಿಚ್‌ಮಂಡ್ ಫ್ಲವರ್ಸರು ಇದು ಕೊಲೆಯೇ ಎಂದು ವಾದಿಸಿ ಮೊಕದ್ದಮೆಯನ್ನು ತಾವೇ ನಡೆಸಲು ಮುಂದಾದರು. ನ್ಯಾಯಾಧೀಶರು ಅವರನ್ನು ಮೊಕದ್ದಮೆಯಿಂದ ಹೊರಗಿಟ್ಟರು. ಗಾಯಗೊಂಡ ಮೊರಿಸ್ರೋ ಪಾದ್ರಿಯವರು ಚೇತರಿಸಿಕೊಂಡು ಸಾಕ್ಷಿ ಹೇಳುವವರೆಗೂ ಕಾಯಲಿಲ್ಲ. ರೂಬಿ ಸೇಲ್ಸಳು ಆಘಾತದಿಂದ ಬಹುದಿನ ಮಾತೇ ಹೊರಡದಂತಾಗಿದ್ದರೂ, ಪ್ರಾಣಬೆದರಿಕೆಗಳನ್ನು ಲೆಕ್ಕಿಸದೆ ಬಂದು ಸಾಕ್ಷಿ ನುಡಿದಳು. ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆನೆಂಬ ಕೋಲ್ಮನನ ವಾದವನ್ನು ಬಿಳಿಯರೇ ತುಂಬಿದ್ದ ಜ್ಯೂರಿಯು ಒಪ್ಪಿ, ಸೆಪ್ಟೆಂಬರ್ 30ರಂದು ಅವನನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟಿತು. ಸತ್ತವನಲ್ಲಿಯೂ ಗಾಯಗೊಂಡವರಲ್ಲಿಯೂ ಯಾವ ಆಯುಧವೂ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಕೋಲ್ಮನನು ಅದೇ ಪ್ರಾಂತದಲ್ಲಿ ಬಾಳಿ 1997ರಲ್ಲಿ ತೀರಿಕೊಂಡನು.

ಈ ಅನ್ಯಾಯವೇ ಮುಂದೊಂದು ನ್ಯಾಯಕ್ಕೆ ಕಾರಣವಾಯಿತು. ಕರಿಯರು ಬಹುಸಂಖ್ಯಾತರಾಗಿರುವ ಪ್ರಾಂತದಲ್ಲಿ ಜ್ಯೂರಿಯಲ್ಲಿ ಒಬ್ಬ ಕರಿಯನೂ ಇಲ್ಲದಿರುವುದು ಹೇಗೆ ಎಂಬ ಪ್ರಶ್ನೆಯನ್ನು ಕೇಂದ್ರದ ನ್ಯಾಯಾಲಯದ ಮುಂದೆ ಒಯ್ಯಲಾಯಿತು. ಕರಿಯರನ್ನೂ ಸ್ತ್ರೀಯರನ್ನೂ ಜ್ಯೂರಿಯಿಂದ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು 1966ರಲ್ಲಿ ಆ ನ್ಯಾಯಾಲಯವು ತೀರ್ಪಿತ್ತಿತು.

ರೂಬಿ ಸೇಲ್ಸಳು ಉಳಿದ ಪ್ರಾಣವನ್ನು ವ್ಯರ್ಥಗೊಳಿಸಲಿಲ್ಲ. ಜೊನಾಥನನು ಮುಗಿಸಲಾಗದೆ ಹೋದ ವ್ಯಾಸಂಗವಿದ್ದ ಅದೇ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಮುಂದೆ ಓದಿ, ದೀನರ ಹಾಗೂ ನ್ಯಾಯವಂಚಿತರ ಸೇವೆಗಾಗಿ ಸಂಸ್ಥೆಯೊಂದನ್ನು ಕಟ್ಟಿದಳು. ಎಪಿಸ್ಕೋಪಲ್ ಸಂಪ್ರದಾಯವು 1991ರಲ್ಲಿ ಜೊನಾಥನನ ಹೆಸರನ್ನು ತನ್ನ ಪುಣ್ಯಪುರುಷರ ಪಂಚಾಂಗದಲ್ಲಿ ಸೇರಿಸಿತು. ಆತನು ಸೆರೆಗೆ ಹೋದ ಆಗಸ್ಟ್ 14ನೆಯ ದಿನವೇ ಆತನ ಸ್ಮರಣೆಯ ದಿನ. ಇಂಗ್ಲೆಂಡಿನ ಕ್ಯಾಂಟರ್‌ಬರಿ ಮಹಾಮಂದಿರದಲ್ಲಿ ಆಧುನಿಕ ಕಾಲದ ಹುತಾತ್ಮರ ಸಾಲಿನಲ್ಲಿಯೂ ಆತನನ್ನು ಸ್ಮರಿಸಲಾಗಿದೆ. ಆತನು ಓದಿದ ಸೈನಿಕ ವಿದ್ಯಾಲಯವು ಆತನ ಹೆಸರಿನಲ್ಲಿ ಮಾನವಸೇವೆಗಾಗಿ ಒಂದು ಪ್ರಶಸ್ತಿಯನ್ನು ಸ್ಥಾಪಿಸಿದೆ.

ಉಪಸಂಹಾರ

ಜೊನಾಥನನ ಸ್ಮಾರಕಗಳಲ್ಲಿ ಹೆಚ್ಚು ಅರ್ಥವತ್ತಾದುದು ಕಲ್ಲಿನದಲ್ಲ. ಆಗಸ್ಟ್ ತಿಂಗಳ ಸ್ಮರಣೆಗೆ ಭಕ್ತರು ಹೇನ್‌ವಿಲ್ಲಿಗೆ ಯಾತ್ರೆ ಬರುವ ಪದ್ಧತಿ ಬೆಳೆದಿದೆ. ಅವರು ಸೆರೆಮನೆಯನ್ನೂ ಆತನು ಬಿದ್ದ ಸ್ಥಳವನ್ನೂ ದರ್ಶಿಸಿ, ಕೊನೆಗೆ ನ್ಯಾಯಾಲಯದ ಸಭಾಂಗಣದೊಳಗೆ ಸೇರುತ್ತಾರೆ. ಕೊಂದವನನ್ನು ನಿರ್ದೋಷಿಯೆಂದು ಬಿಟ್ಟ ಸ್ಥಳವೇ ಅದು. ಅಲ್ಲಿ ನ್ಯಾಯಾಧೀಶರ ಪೀಠವೇ ಬಲಿಪೀಠವಾಗಿ, ಕರಿಯರೂ ಬಿಳಿಯರೂ ಒಂದೇ ಪಂಕ್ತಿಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. 1965ರಲ್ಲಿ ದೇವಮಂದಿರದೊಳಗೆ ಸಿಕ್ಕದಿದ್ದುದು ಹೀಗೆ ನ್ಯಾಯಾಲಯದೊಳಗೆ ಸಿಗುವಂತಾಯಿತು.

ಈ ಚರಿತ್ರೆಯನ್ನು ಓದಿದವರು ದೂರದೇಶದವರ ದೋಷವನ್ನು ಎಣಿಸಿ ತೃಪ್ತರಾದರೆ ಓದಿದ ಫಲ ದೊರೆತಂತಾಗದು. ಕಾಯಿದೆಯಿಂದ ತೆರೆದ ಬಾಗಿಲು ಅರ್ಧ ಮಾತ್ರ ತೆರೆದುದು. ಒಳಗೆ ಬಂದವನಿಗೆ ಯಾವ ಸಾಲಿನಲ್ಲಿ ಆಸನ ದೊರೆಯಿತು, ಪ್ರಸಾದದ ಕೈ ಅವನ ಬಳಿಗೆ ಯಾವಾಗ ಬಂದಿತು, ಅವನ ಕಡೆಗೆ ನೋಡಿದ ಕಣ್ಣು ಎಂಥದಾಗಿತ್ತು, ಇವುಗಳಿಂದ ಮಿಕ್ಕರ್ಧವು ತಿಳಿಯುತ್ತದೆ. ಆ ಅರ್ಧವನ್ನು ಯಾವ ಸರಕಾರವೂ ಯಾವ ಮಹಾಸಭೆಯೂ ತೆರೆದುಕೊಡಲಾರದು. ಅದನ್ನು ಮನೆಮನೆಯ ಗೃಹಸ್ಥರೇ ತೆರೆಯಬೇಕು. ತೆರೆಯಿರೆಂದು ಕೇಳುವವನೂ ಮುಚ್ಚಿದವರ ಮೇಲಿನ ದ್ವೇಷವನ್ನು ಮೊದಲು ತನ್ನೊಳಗಿನಿಂದ ಹೊರಗೆ ಕಳುಹಿಸಬೇಕು. ಇಪ್ಪತ್ತಾರು ವರ್ಷದ ಆ ವಿದ್ಯಾರ್ಥಿಯು ಈ ಎರಡನ್ನೂ ಕಲಿತನು, ಕಲಿತುದನ್ನು ಪ್ರಾಣದಿಂದ ಸಾಧಿಸಿ ತೋರಿಸಿದನು. ಇಂಥವರ ಸ್ಮರಣೆಯಿಂದ ನಮ್ಮ ನುಡಿಗೆ ನಡೆಯ ಬಲ ಬರಲಿ.